ನಯಾಸಿನಮೈಡ್: ಚರ್ಮಕ್ಕೆ ಲೇಪಿಸುವ ಬಿ3 ಜೀವಸತ್ವ

ನಯಾಸಿನಮೈಡ್ ಬಿ3 ಜೀವಸತ್ವದ ಎರಡು ಮುಖ್ಯ ರೂಪಗಳಲ್ಲಿ ಒಂದು. ನಿಕೊಟಿನಿಕ್ ಆಮ್ಲ ಇನ್ನೊಂದು. ನೀರಿನಲ್ಲಿ ಸುಲಭವಾಗಿ ಕರಗುವ ಈ ಬಿಳಿ ಪುಡಿಯನ್ನು ಕ್ರೀಮು, ಜೆಲ್, ಸೀರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 2ರಿಂದ 10ರವರೆಗೆ ಬೆರೆಸುತ್ತಾರೆ. ಎ ಮತ್ತು ಸಿ ಜೀವಸತ್ವಗಳಷ್ಟು ಹೆಸರು ಇದಕ್ಕಿಲ್ಲ. ಆದರೆ ಅವುಗಳಂತೆ ಇದು ಗಾಳಿ ಬೆಳಕಿಗೆ ಬೇಗ ಕೆಡುವುದೂ ಇಲ್ಲ. ಜೀವಸತ್ವವೆಂದ ಮೇಲೆ ಅದು ಚರ್ಮದ ಕೊರತೆಯನ್ನು ತುಂಬುತ್ತದೆ, ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಮಾರಾಟಗಾರರಿಗೂ ಕೊಳ್ಳುವವರಿಗೂ ಇದೆ. ಅದಕ್ಕೆ ಆಧಾರವಿಲ್ಲ. ಲೇಪನವಾದಾಗ ನಯಾಸಿನಮೈಡ್ ಮಾಡುವ ಕೆಲಸ ಔಷಧದ ಕೆಲಸ. ಅದನ್ನು ಔಷಧದಂತೆಯೇ ಪ್ರಮಾಣ ನೋಡಿ, ಪ್ರಯೋಗದ ಫಲ ನೋಡಿ ಅಳೆಯಬೇಕು.

ಕೊರತೆಯ ಮಾತು ಹುಟ್ಟಿದ್ದಕ್ಕೆ ಕಾರಣ ಪೆಲಾಗ್ರ. ಬಿ3 ಸಾಲದಾದಾಗ ಬಿಸಿಲು ಬೀಳುವ ಕೈ, ಪಾದ, ಕುತ್ತಿಗೆಗಳ ಚರ್ಮ ಕಪ್ಪಾಗಿ ಒರಟಾಗುತ್ತದೆ. ಭೇದಿ ಮತ್ತು ಬುದ್ಧಿಭ್ರಮೆ ಜೊತೆಗೂಡುತ್ತವೆ. ಮೆಕ್ಕೆಜೋಳವನ್ನೇ ನಂಬಿದ್ದ, ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ಬಡವರಲ್ಲಿ ಇದು ಸೋಂಕಲ್ಲ, ಊಟದ ದೋಷವೆಂದು ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿದರು. 1937ರಲ್ಲಿ ಕಾನ್ರಾಡ್ ಎಲ್ವೆಹ್ಯಾಮ್ ನಿಕೊಟಿನಿಕ್ ಆಮ್ಲದಿಂದ, ಪೆಲಾಗ್ರವನ್ನೇ ಹೋಲುವ ನಾಯಿಗಳ ಕಪ್ಪುನಾಲಿಗೆ ರೋಗ ವಾಸಿಯಾಗುವುದನ್ನು ಕಂಡರು. ದಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುತ್ತಿದ್ದ ಬಡವರಲ್ಲೂ ಪೆಲಾಗ್ರ ಇತ್ತು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬೇಕೆಂದು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ವಾದಿಸಿದರು. ಆ ವಾದ ಇನ್ನೂ ಚರ್ಚೆಯಲ್ಲಿದೆ. ಈ ರೋಗವನ್ನು ವಾಸಿಮಾಡುವುದು ಊಟ ಮತ್ತು ಮಾತ್ರೆ. ಹೊಟ್ಟೆತುಂಬ ಉಣ್ಣುವವರ ಮುಖದ ಕಲೆಗೆ ಬಿ3 ಕೊರತೆ ಕಾರಣವಲ್ಲವಾದ್ದರಿಂದ, ಪೆಲಾಗ್ರದ ಚರಿತ್ರೆಯನ್ನು ಕ್ರೀಮಿನ ಪರ ಸಾಕ್ಷಿಯಾಗಿ ತರುವುದು ಸಲ್ಲದು.

ಕ್ರೀಮಿನ ಪರವಾದ ಸಾಕ್ಷಿ ಬೇರೆಯೇ ಇದೆ. ಚರ್ಮದ ಬಣ್ಣ ತಯಾರಾಗುವುದು ಒಂದು ಬಗೆಯ ಕೋಶದಲ್ಲಿ. ಅಲ್ಲಿಂದ ಅದು ಸಣ್ಣ ಚೀಲಗಳಲ್ಲಿ ನೆರೆಯ ಕೋಶಗಳಿಗೆ ಸಾಗುತ್ತದೆ. 2002ರಲ್ಲಿ ಪ್ರಕಟವಾದ ಹಾಕೋಜಾಕಿ ತಂಡದ ಪ್ರಯೋಗಗಳಲ್ಲಿ ನಯಾಸಿನಮೈಡ್ ಬಣ್ಣದ ತಯಾರಿಕೆಯನ್ನು ತಡೆಯಲಿಲ್ಲ, ಸಾಗಣೆಯನ್ನು ಶೇ. 35ರಿಂದ 68ರಷ್ಟು ತಗ್ಗಿಸಿತು. ಇದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಲೆಕ್ಕ. ಮುಖದ ಮೇಲೆ ಇಷ್ಟು ಫಲ ನಿರೀಕ್ಷಿಸಬಾರದು. ಮುಖದ ಕಂದು ಕಲೆಯಾದ ಬಂಗಿಗೆ ಸಂಬಂಧಿಸಿದಂತೆ 2011ರಲ್ಲಿ 27 ಮಂದಿಯ ಮುಖದ ಒಂದು ಬದಿಗೆ ಶೇ. 4ರ ನಯಾಸಿನಮೈಡನ್ನು, ಇನ್ನೊಂದಕ್ಕೆ ಶೇ. 4ರ ಹೈಡ್ರೋಕ್ವಿನೋನನ್ನು 8 ವಾರ ಹಚ್ಚಿದಾಗ ಉತ್ತಮ ಫಲ ಕಂಡದ್ದು ಕ್ರಮವಾಗಿ ಶೇ. 44 ಮತ್ತು 55ರಲ್ಲಿ. ಹಳೆಯ ಮದ್ದಾದ ಹೈಡ್ರೋಕ್ವಿನೋನೇ ತುಸು ಮೇಲು, ಆದರೆ ಉರಿ ನವೆ ಹೊಸದರಲ್ಲಿ ಕಡಿಮೆ. ಮೊಡವೆಯಲ್ಲಿ ಶೇ. 4ರ ಜೆಲ್ ಕ್ಲಿಂಡಮೈಸಿನ್ ಎಂಬ ಪ್ರತಿಜೀವಕಕ್ಕೆ ಸರಿಸಾಟಿಯಾಗಿ ನಿಂತದ್ದು 1995ರ ಪರೀಕ್ಷೆಯೊಂದರಲ್ಲಿ ಕಂಡಿತು. ಪ್ರತಿಜೀವಕಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತಿರುವ ಕಾಲದಲ್ಲಿ ಇದು ಸಣ್ಣ ಲಾಭವಲ್ಲ. ಸೆರಮೈಡ್ ಎಂಬ ಜಿಡ್ಡಿನ ಉತ್ಪಾದನೆಯನ್ನು ಹೆಚ್ಚಿಸಿ ಚರ್ಮದ ತೇವ ಆರದಂತೆ ಕಾಯುವ ಗುಣವೂ ಇದಕ್ಕಿದೆ.

ಇಲ್ಲಿ ಆಕ್ಷೇಪಗಳು ಏಳುತ್ತವೆ. ಪರೀಕ್ಷೆಗೊಳಗಾದವರು ಕೆಲವೇ ಮಂದಿ, ಹಲವು ಅಧ್ಯಯನಗಳ ಹಿಂದೆ ಸೌಂದರ್ಯವರ್ಧಕ ಕಂಪನಿಗಳೇ ಇವೆ ಎಂಬುದು ನಿಜ. ಹಾಕೋಜಾಕಿ ತಂಡದ ಹಿಂದೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇತ್ತು. ಆದರೂ ಕಂಪನಿಗಳ ಹೊರಗಿನ ವೈದ್ಯರ ಪರೀಕ್ಷೆಗಳೂ ಅದೇ ದಿಕ್ಕನ್ನು ತೋರಿಸಿರುವುದರಿಂದ ಫಲವನ್ನೇ ಅಲ್ಲಗಳೆಯಲಾಗದು, ಅದರ ಗಾತ್ರವನ್ನು ಮಾತ್ರ ಕುಗ್ಗಿಸಿ ಓದಬೇಕು. ಭಾರತದಲ್ಲಿ ಇದೇ ವಸ್ತು ದಶಕಗಳ ಕಾಲ ಫೇರ್ ಅಂಡ್ ಲವ್ಲಿಯಂಥ, ಬಿಳುಪಿನ ಆಸೆ ಹುಟ್ಟಿಸುವ ಕ್ರೀಮುಗಳಲ್ಲಿ ಮಾರಾಟವಾಯಿತು. ಆ ಕ್ರೀಮು 2020ರಲ್ಲಿ ಹೆಸರು ಬದಲಿಸಿಕೊಂಡಿತು. ಕಲೆ ತಿಳಿಯಾಗುವುದಕ್ಕೂ ಹುಟ್ಟಿನ ಬಣ್ಣ ಬದಲಾಗುವುದಕ್ಕೂ ಅಜಗಜಾಂತರವಿದೆ, ಎರಡನೆಯದನ್ನು ಯಾವ ಪರೀಕ್ಷೆಯೂ ತೋರಿಸಿಲ್ಲ. ಸಿ ಜೀವಸತ್ವದ ಜೊತೆ ಹಚ್ಚಿದರೆ ನಿಕೊಟಿನಿಕ್ ಆಮ್ಲವಾಗಿ ಮುಖ ಕೆಂಪಾಗುತ್ತದೆಂಬ ಭಯವೂ ಹರಡಿದೆ. ಆ ಬದಲಾವಣೆಗೆ ತೀವ್ರ ಆಮ್ಲ ಅಥವಾ ಕ್ಷಾರ, ಹೆಚ್ಚು ಶಾಖ, ದೀರ್ಘಕಾಲ ಬೇಕು. ಮುಖದ ಮೇಲೆ ಇವು ಒದಗುವುದಿಲ್ಲ. ಹೆಚ್ಚಿನ ಮುಖ್ಯ ಪರೀಕ್ಷೆಗಳು ನಡೆದದ್ದು ಶೇ. 2ರಿಂದ 5ರಲ್ಲಿ. ಶೇ. 10ರ ಸೀರಮ್ ಅದರ ಇಮ್ಮಡಿ ಫಲ ಕೊಡುತ್ತದೆಂಬುದಕ್ಕೆ ಪುರಾವೆಯಿಲ್ಲ. ಸೂಕ್ಷ್ಮ ಚರ್ಮದವರಿಗೆ ಉರಿ ಮಾತ್ರ ಹೆಚ್ಚೀತು. 2015ರ ಆಸ್ಟ್ರೇಲಿಯದ ಪರೀಕ್ಷೆಯಲ್ಲಿ, ಮೊದಲೇ ಚರ್ಮದ ಕ್ಯಾನ್ಸರ್ ಬಂದಿದ್ದ 386 ಮಂದಿಯ ಪೈಕಿ ನಯಾಸಿನಮೈಡ್ ಪಡೆದವರಲ್ಲಿ ಹೊಸ ಗಡ್ಡೆಗಳು ಶೇ. 23ರಷ್ಟು ಕಡಿಮೆಯಾದವೆಂಬುದನ್ನೂ ಜಾಹೀರಾತಿನ ಭಾಷೆ ಬಳಸಿಕೊಳ್ಳಬಹುದು. ಆದರೆ ಅವರು ಕ್ರೀಮು ಹಚ್ಚಲಿಲ್ಲ, ದಿನಕ್ಕೆರಡು ಬಾರಿ ನುಂಗಿದ್ದು 500 ಮಿಲಿಗ್ರಾಮಿನ ಮಾತ್ರೆ. ಅದನ್ನು ನಿಲ್ಲಿಸಿದ ಮೇಲೆ ಆ ರಕ್ಷಣೆ ಉಳಿಯಲಿಲ್ಲ.