ಬುದ್ಧಬಿಂಬದ ಲಕ್ಷಣಗಳೂ ಜಿನಬಿಂಬವೂ

ಮಥುರೆಯ ಕಂಕಾಲೀ ದಿಬ್ಬವನ್ನು 1888ರಿಂದ 1891ರವರೆಗೆ ಅಗೆದಾಗ ಪ್ರಾಚೀನ ಜೈನ ಸ್ತೂಪವೊಂದರ ಅವಶೇಷಗಳೂ ನೂರಾರು ಶಿಲ್ಪಗಳೂ ಬೆಳಕಿಗೆ ಬಂದವು. ಅದಕ್ಕೆ ಮುನ್ನ ಸ್ತೂಪವೆಂದರೆ ಬೌದ್ಧರದು, ಅದರ ಸುತ್ತಣ ಕಲ್ಲಿನ ಕಟಕಟೆಯೂ ಬೌದ್ಧರದೇ ಎಂಬ ಎಣಿಕೆ ವಿದ್ವಾಂಸರಲ್ಲಿ ಬೇರೂರಿತ್ತು. ಈ ಅವಶೇಷಗಳ ಚಿತ್ರಸಂಪುಟವನ್ನು 1901ರಲ್ಲಿ ಪ್ರಕಟಿಸಿದ ವಿನ್ಸೆಂಟ್ ಸ್ಮಿತ್ ಆ ಎಣಿಕೆಯ ದೋಷವನ್ನು ಎತ್ತಿ ತೋರಿಸಿದರು. ತಮ್ಮದು ಅನ್ಯರ ಲೆಕ್ಕಕ್ಕೆ ಸೇರಿಹೋಗುವ ನೋವನ್ನು ಜೈನಸಮಾಜ ಹೀಗೆ ಬಲ್ಲದು. ಆದರೆ ಇದೇ ತಪ್ಪು ಎದುರು ದಿಕ್ಕಿನಲ್ಲಿಯೂ ನಡೆಯಬಹುದು. ಮಣ್ಣಿನಲ್ಲಿ ದೊರೆತ ಪದ್ಮಾಸನಸ್ಥ ವಿಗ್ರಹವನ್ನೆಲ್ಲ ತೀರ್ಥಂಕರನದೆಂದು ಅವಸರದಿಂದ ಹೆಸರಿಸುವುದು ಸತ್ಯವ್ರತಕ್ಕಾಗಲಿ ಅಸ್ತೇಯಕ್ಕಾಗಲಿ ಒಪ್ಪುವುದಲ್ಲ.

ತಪ್ಪಿಗೆ ಅವಕಾಶವಿರುವುದೂ ದಿಟ. ಭರ್ಹುತ, ಸಾಂಚಿಗಳ ಶಿಲ್ಪಿಗಳು ಬುದ್ಧನನ್ನು ಮಾನವರೂಪದಲ್ಲಿ ಕಂಡರಿಸಲಿಲ್ಲ. ಬೋಧಿವೃಕ್ಷ, ಧರ್ಮಚಕ್ರ, ಪಾದಮುದ್ರೆ, ಬರಿದಾದ ಆಸನ, ಇವೇ ಅವನ ಸನ್ನಿಧಿಯನ್ನು ಸೂಚಿಸಿದವು. ಕುಷಾಣರ ಕಾಲದ ಮಥುರೆಯಲ್ಲಿ ಬುದ್ಧಬಿಂಬವೂ ಜಿನಬಿಂಬವೂ ಒಂದೇ ಬಗೆಯ ಚುಕ್ಕೆಗೆಂಪು ಮರಳುಗಲ್ಲಿನಲ್ಲಿ, ಒಂದೇ ಶಿಲ್ಪಸಂಪ್ರದಾಯದಲ್ಲಿ ಮೂಡಿದವು. ಚಕ್ರ, ತ್ರಿರತ್ನ, ಸಿಂಹಪೀಠಗಳು ಇಬ್ಬರಿಗೂ ಸಮಾನ. ತಲೆಯ ಮೇಲಣ ಉಷ್ಣೀಷವನ್ನೂ ಸುರುಳಿಗೂದಲನ್ನೂ ಬುದ್ಧನಿಗೇ ಮೀಸಲೆಂದು ತಿಳಿಯುವಂತಿಲ್ಲ.

ಮೊದಲು ನೋಡಬೇಕಾದುದು ಕೈಗಳನ್ನು. ಬುದ್ಧನ ಕೈ ಒಂದು ಪ್ರಸಂಗವನ್ನು ಹೇಳುತ್ತದೆ. ಬಲಗೈ ಮೊಣಕಾಲಿನ ಮೇಲಿಂದ ಇಳಿದು ನೆಲವನ್ನು ಮುಟ್ಟಿದರೆ ಅದು ಭೂಮಿಸ್ಪರ್ಶ. ಮಾರನ ಆಕ್ರಮಣದ ಹೊತ್ತಿನಲ್ಲಿ ಗೌತಮನು ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ. ಎದೆಯ ಮುಂದೆ ಎರಡೂ ಕೈಗಳ ಬೆರಳು ಕೂಡಿದರೆ ಸಾರನಾಥದ ಪ್ರಥಮೋಪದೇಶ. ಐದನೆಯ ಶತಮಾನದ ಪ್ರಸಿದ್ಧ ಸಾರನಾಥ ಬುದ್ಧನಲ್ಲಿ ಈ ಮುದ್ರೆಯಿದೆ, ಪೀಠದಲ್ಲಿ ಚಕ್ರದೊಡನೆ ಐವರು ಶಿಷ್ಯರೂ ಇದ್ದಾರೆ. ಅಂಗೈ ತೋರಿದರೆ ಅಭಯ, ಕೆಳಗಿಳಿದು ತೆರೆದರೆ ವರದ. ಜಿನನ ಕೈಗಳಿಗಾದರೋ ಇಂತಹ ಕಥೆಯಿಲ್ಲ. ಕುಳಿತಲ್ಲಿ ಮಡಿಲಲ್ಲಿ ಒಂದರ ಮೇಲೊಂದು, ನಿಂತಲ್ಲಿ ತೊಡೆಗಳ ಬದಿಗೆ ಇಳಿಬಿದ್ದವು. ವರವೀಯದ, ಅಭಯವನ್ನೂ ಸಾರದ ವೀತರಾಗನಿಗೆ ಇದಕ್ಕಿಂತ ಒಪ್ಪುವ ಭಂಗಿಯಿಲ್ಲ. ಆದರೂ ಬುದ್ಧನಿಗೂ ಧ್ಯಾನಮುದ್ರೆಯುಂಟು. ಕೈಗಳೇ ಕಡೆಯ ಪ್ರಮಾಣವಲ್ಲ.

ಆಗ ವಸ್ತ್ರದ ಅಂಚನ್ನು ಹುಡುಕಬೇಕು. ಬುದ್ಧನ ಸಂಘಾಟಿ ಕೆಲವೊಮ್ಮೆ ಮೈಗಂಟಿದಷ್ಟು ತೆಳುವಾಗಿದ್ದು, ಎಡಭುಜದ ಒಂದು ಗೆರೆ, ಮೀಂಗಾಲ ಬಳಿಯ ಒಂದು ಮಡಿಕೆ ಮಾತ್ರ ಅದರ ಇರವನ್ನು ತೋರುತ್ತದೆ. ಸವೆದ ಕಲ್ಲಿನಲ್ಲಿ ಅದೂ ಅಳಿದು ದಿಗಂಬರಮೂರ್ತಿಯೆಂಬ ಭ್ರಮೆ ಹುಟ್ಟಬಹುದು. ಎದೆಯ ಶ್ರೀವತ್ಸವು ಜಿನನಿಗೆ ಬಲವಾದ ಗುರುತು. ದಕ್ಷಿಣದ ಹಲವು ಜಿನಬಿಂಬಗಳಲ್ಲಿ ಅದಿಲ್ಲ, ಆದ್ದರಿಂದ ಅದಿಲ್ಲವೆಂದು ಜಿನಬಿಂಬವಲ್ಲ ಎನ್ನಲಾಗದು. ಪೀಠದ ಜಿಂಕೆ ಶಾಂತಿನಾಥರ ಲಾಂಛನ. ಚಕ್ರದ ಇಕ್ಕೆಲದಲ್ಲಿ ಎರಡು ಜಿಂಕೆಗಳಿದ್ದರೆ ಅದು ಸಾರನಾಥದ ಮೃಗದಾವವನ್ನೂ ಸೂಚಿಸಬಹುದು. ಕುಷಾಣಕಾಲದ ಜಿನಬಿಂಬಗಳಲ್ಲಿ ಲಾಂಛನವೇ ಇಲ್ಲ. ಹೆಗಲ ಮೇಲಿಳಿದ ಕೇಶದಿಂದ ಋಷಭನನ್ನು, ಹೆಡೆಗಳಿಂದ ಪಾರ್ಶ್ವನನ್ನು ತಿಳಿಯಬಹುದು. ಉಳಿದವರಿಗೆ ಪೀಠದ ಶಾಸನವೇ ಗತಿ.

ಹೆಡೆಗಳೂ ಮೋಸಗೊಳಿಸಬಲ್ಲವು. ಧರಣೇಂದ್ರನು ಪಾರ್ಶ್ವನಾಥರ ಉಪಸರ್ಗವನ್ನು ನಿವಾರಿಸಿದಂತೆ, ಮುಚಲಿಂದನೆಂಬ ನಾಗನು ಬುದ್ಧನಿಗೆ ಮಳೆಯಲ್ಲಿ ಹೆಡೆಯಾಡಿಸಿದನೆಂಬುದು ಬೌದ್ಧಕಥೆ. ಇಲ್ಲಿಯೂ ಚೀವರವೇ ನಿರ್ಣಾಯಕ.

ಸಾರನಾಥದ ಸಂಗ್ರಹಾಲಯದಲ್ಲಿ ಆಳೆತ್ತರವನ್ನು ಮೀರಿದ ಕೆಂಪುಗಲ್ಲಿನ ಮೂರ್ತಿಯೊಂದಿದೆ. ಮಥುರೆಯಲ್ಲಿ ಕಡೆದು ಅಲ್ಲಿಗೆ ಸಾಗಿಸಿದುದು. ಮೂರ್ತಿಯ ಪಾದಗಳ ನಡುವೆ ಪುಟ್ಟ ಸಿಂಹ. ಅದೊಂದನ್ನೇ ಕಂಡವರು ವರ್ಧಮಾನರೆಂದು ಕೈಮುಗಿಯಬಹುದು. ಸಿಂಹವಿರುವುದು ಶಾಕ್ಯಸಿಂಹನೆಂಬ ಹೆಸರಿನಿಂದ. ಎಡಭುಜದಿಂದ ಚೀವರ ಇಳಿದಿದೆ. ಕನಿಷ್ಕನ ಮೂರನೆಯ ವರ್ಷದಲ್ಲಿ ಭಿಕ್ಷು ಬಲನು ಅದನ್ನು ಪ್ರತಿಷ್ಠಾಪಿಸಿದನೆಂದೂ ಅದು ಬೋಧಿಸತ್ವನದೆಂದೂ ಶಾಸನವೇ ಹೇಳುತ್ತದೆ.