ಮಕ್ಕಳ ಮನಸ್ಸು, ಬೆಳವಣಿಗೆಯ ತೊಂದರೆಗಳು: ಗುರುತಿಸುವ ಬಗೆ

ಆಟಿಸಂ, ಎಡಿಎಚ್‌ಡಿ, ಕಲಿಕಾ ನ್ಯೂನತೆ, ಆತಂಕ, ಖಿನ್ನತೆ: ಇವುಗಳಲ್ಲಿ ಯಾವುದನ್ನೂ ರಕ್ತಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ತೋರಿಸಿಕೊಡಲಾರದು. ಮಗುವನ್ನು ಆಡಲು ಬಿಟ್ಟು ನೋಡಿ, ಮನೆಯವರನ್ನೂ ಶಿಕ್ಷಕರನ್ನೂ ವಿವರವಾಗಿ ಕೇಳಿಯೇ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ಹಾಗಾಗಿ ತಾಯಿಯೋ ಅಜ್ಜಿಯೋ ಗಮನಿಸಿದ ಸಣ್ಣ ಸಂಗತಿಗೂ ಇಲ್ಲಿ ಬೆಲೆಯಿದೆ.

ಮಾತು, ನೋಟ, ಬೆರಳು

ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ಮಗು ತಿರುಗಿ ನೋಡಬೇಕು. 16 ತಿಂಗಳಿಗೆ ಬಿಡಿ ಪದಗಳು, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂಥ ಜೋಡಿ ಪದಗಳು ಬರಬೇಕು. ಮಾತಿನಷ್ಟೇ ಮುಖ್ಯವಾದದ್ದು ಬೆರಳು ತೋರಿಸುವುದು. ಬೇಕಾದ ಬಿಸ್ಕತ್ತಿಗೆ ಕೈ ಚಾಚುವುದು ಬೇರೆ. ಕಾಗೆಯನ್ನೋ ಚಂದ್ರನನ್ನೋ ತೋರಿಸಿ, ‘ನೀನೂ ನೋಡು’ ಎಂಬಂತೆ ನಮ್ಮ ಮುಖ ನೋಡುವುದು ಬೇರೆ. ಈ ಹಂಚಿಕೊಳ್ಳುವಿಕೆ 18 ತಿಂಗಳಾದರೂ ಕಾಣದಿದ್ದರೆ ಆಟಿಸಂಗಾಗಿ ಪರೀಕ್ಷಿಸಬೇಕು. ಕೈ ಬಡಿಯುವುದು, ಆಟಿಕೆಯ ಚಕ್ರವನ್ನೇ ತಿರುಗಿಸುತ್ತ ಕೂರುವುದು, ದಿನಚರಿ ಚೂರು ಬದಲಾದರೂ ತಾಳಲಾರದೆ ಅಳುವುದು ಜೊತೆಗಿರಬಹುದು.

‘ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ’ ಎಂಬ ಸಮಾಧಾನದಲ್ಲಿ ಎಷ್ಟೋ ಮಕ್ಕಳ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಬಂದ ಮಾತು ನಿಂತುಹೋದರಂತೂ ಯಾವ ವಯಸ್ಸಿನಲ್ಲೂ ಕಾಯಬಾರದು. ಮಾತು ತಡವಾದ ಪ್ರತಿ ಮಗುವಿಗೂ ಮೊದಲು ಶ್ರವಣ ಪರೀಕ್ಷೆ ಆಗಲೇಬೇಕು. ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ.

16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಅದು ಸಂಶಯವನ್ನಷ್ಟೇ ಸೂಚಿಸುತ್ತದೆ. ನಮ್ಮ ದೇಶದಲ್ಲಿ ಆಟಿಸಂನ ತೀವ್ರತೆ ಅಳೆಯಲು ಐಸಾ ಎಂಬ 40 ಅಂಶಗಳ ಮಾಪಕ ಬಳಕೆಯಲ್ಲಿದೆ.

ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಅನ್ನು ವಿವರಿಸಿದ ನಂತರ ದಶಕಗಳ ಕಾಲ ತಾಯಂದಿರ ‘ತಣ್ಣನೆಯ ಪ್ರೀತಿ’ಯನ್ನು ದೂರಲಾಯಿತು. ಅದು ಸುಳ್ಳು. ಲಸಿಕೆಯಿಂದ ಆಟಿಸಂ ಬರುತ್ತದೆಂಬುದೂ ಸುಳ್ಳು. ಆ ಗುಲ್ಲೆಬ್ಬಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು.

ಒಂದೆಡೆ ಕೂರದ ಮಗು

ತುಂಟತನವೆಲ್ಲ ಎಡಿಎಚ್‌ಡಿ ಆಗುವುದಿಲ್ಲ. ಗಮನವಿಲ್ಲದಿರುವಿಕೆ ಅಥವಾ ಅತಿಚಟುವಟಿಕೆಯ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಆರು, ಆರು ತಿಂಗಳಿಂದ ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮುನ್ನವೇ ಶುರುವಾಗಿರಬೇಕು. ಮನೆ, ಶಾಲೆ ಎರಡು ಕಡೆಯಾದರೂ ಕಾಣಬೇಕು. ಶಾಲೆಯಲ್ಲಿ ಮಾತ್ರ ಚಡಪಡಿಸುವ ಮಗುವಿಗೆ ಪಾಠ ಅರ್ಥವಾಗುತ್ತಿಲ್ಲವೋ ಏನೋ. ಸದ್ದಿಲ್ಲದೆ ಕನಸು ಕಾಣುತ್ತ ಕೂರುವ ಹುಡುಗಿಯರ ಎಡಿಎಚ್‌ಡಿ ಬಹಳ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ಸೆಕೆಂಡು ದಿಟ್ಟಿಸಿ ನಿಂತುಬಿಡುವ ಒಂದು ಬಗೆಯ ಮೂರ್ಛೆರೋಗವೂ ಗಮನಕೊರತೆಯಂತೆ ಕಾಣುತ್ತದೆ.

ಓದಿನಲ್ಲಿ ಹಿಂದೆ ಬಿದ್ದಾಗ

ಬುದ್ಧಿ ಚುರುಕಾಗಿದ್ದೂ ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕಿದ್ದರೆ ಕಲಿಕಾ ನ್ಯೂನತೆಯ ಸಂಶಯ. ಕನ್ನಡ ಬರೆಯುವಾಗ ಒತ್ತಕ್ಷರ ಬಿಡುವುದು, ಹ್ರಸ್ವ ದೀರ್ಘ ಗೊಂದಲ, ಕಾಗುಣಿತದ ತಪ್ಪುಗಳು ಮೂರನೇ ತರಗತಿ ದಾಟಿದರೂ ಉಳಿದರೆ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಕಾರಣಕ್ಕೆ ತಡವರಿಸುವ ಮಗುವಿಗೆ ಈ ಹಣೆಪಟ್ಟಿ ಹಚ್ಚಬಾರದು. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ.

ಬೌದ್ಧಿಕ ನ್ಯೂನತೆಯ ಮಾತು ಬೇರೆ. ಅಲ್ಲಿ ಬುದ್ಧ್ಯಂಕ ಸುಮಾರು 70ಕ್ಕಿಂತ ಕಡಿಮೆಯಿರುವುದರ ಜೊತೆಗೆ ಉಣ್ಣುವ, ಉಡುವ, ಜನರೊಡನೆ ಬೆರೆಯುವ ಕೌಶಲಗಳೂ ಹಿಂದುಳಿದಿರುತ್ತವೆ. ಈ ಅಳತೆಗೆ ಇಂದಿಗೂ ಬಳಕೆಯಾಗುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ ಸಿದ್ಧಪಡಿಸಿದ್ದರು.

ಹೊಟ್ಟೆನೋವಿನ ಹಿಂದೆ

ಪುಟ್ಟ ಮಗು ‘ನನಗೆ ಆತಂಕ’ ಎನ್ನುವುದಿಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಖಿನ್ನತೆಯೂ ಮಕ್ಕಳಲ್ಲಿ ಅಳುವಿಗಿಂತ ಸಿಡುಕಾಗಿ ಬರುವುದುಂಟು. ನಿದ್ದೆ, ಊಟ, ಗೆಳೆಯರ ಒಡನಾಟ ಎರಡು ವಾರ ಕೆಟ್ಟರೆ ವೈದ್ಯರಿಗೆ ತೋರಿಸಬೇಕು. ಮಗುವಿಗೆ ಹೊಡೆತ, ಅಣಕ, ಲೈಂಗಿಕ ದೌರ್ಜನ್ಯ ಆಗಿದೆಯೇ ಎಂದು ಒಂಟಿಯಾಗಿ ಕೂರಿಸಿಕೊಂಡು ಕೇಳದ ತಪಾಸಣೆ ಅಪೂರ್ಣ. ಸಾಯುವ ಮಾತನ್ನು ‘ಹೆದರಿಸಲು ಹೇಳುತ್ತಾನೆ’ ಎಂದು ತಳ್ಳಿಹಾಕಬಾರದು.

ಎಲ್ಲಿ ತೋರಿಸಬೇಕು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ನಡೆಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ; ಮಾತು, ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆಗಳೂ ಸೇರಿವೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು. ಮಾತಿನ ತರಬೇತಿಗೆ ಮಾತ್ರ ಪ್ರಮಾಣಪತ್ರ ಬೇಕಿಲ್ಲ, ರೋಗದ ಹೆಸರು ಖಚಿತವಾಗುವವರೆಗೆ ಕಾಯಬೇಕಾಗಿಯೂ ಇಲ್ಲ; ಸಂಶಯ ಬಂದ ವಾರವೇ ಶುರುಮಾಡಬಹುದು.