ಕೇಳೋದು ಅಂದ್ರೆ ಏನು? ರೋಜರ್ಸ್, ಎಲೈಝಾ ಮತ್ತು ಅಪ್ಪನ ಫೋನು

ಪ್ರತಿ ಭಾನುವಾರ ಸಂಜೆ ಊರಿಂದ ಅಪ್ಪ ಫೋನ್ ಮಾಡ್ತಾರೆ. ಮೇಷ್ಟ್ರ ಕೆಲಸದಿಂದ ರಿಟೈರ್ ಆಗಿ ಎಂಟು ತಿಂಗಳಾಯ್ತು. ಪ್ರತಿ ಸಲವೂ ಅದೇ ಮಾತು, "ಹೊತ್ತೇ ಹೋಗಲ್ಲ ಕಣೋ."

ನಾನು ಸಾಫ್ಟ್‌ವೇರಿನವನು ನೋಡಿ, ಸಮಸ್ಯೆ ಕಂಡ ಕೂಡ್ಲೇ ಪರಿಹಾರ ಕೊಡದಿದ್ರೆ ಕೈ ಕಡಿಯುತ್ತೆ. "ಬೆಳಿಗ್ಗೆ ವಾಕಿಂಗ್ ಹೋಗಿ, ಲೈಬ್ರರಿಗೆ ಹೋಗಿ, ಪಕ್ಕದ ಮನೆ ಮಕ್ಕಳಿಗೆ ಪಾಠ ಹೇಳಿ" ಅಂತ ಪಟ್ಟಿ ಒಪ್ಪಿಸ್ತೀನಿ. ಅಪ್ಪ "ಹೂಂ, ನೋಡೋಣ" ಅಂತ ಫೋನನ್ನ ಅಮ್ಮನ ಕೈಗೆ ಕೊಡ್ತಾರೆ. ಬಗ್ ಕ್ಲೋಸ್ ಆಯ್ತು ಅಂದ್ಕೋತೀನಿ. ಮುಂದಿನ ವಾರ ಅದೇ ಬಗ್ ಮತ್ತೆ ರೀಓಪನ್!

ಇದನ್ನ ಯಾಕೆ ಹೇಳಿದೆ ಅಂದ್ರೆ, ಕೆಲವು ತಿಂಗಳಿಂದ ಶನಿವಾರಗಳಲ್ಲಿ ಒಂದು ಕೌನ್ಸೆಲಿಂಗ್ ಕೋರ್ಸಿಗೆ ಹೋಗ್ತಿದ್ದೀನಿ. ಇಂಜಿನಿಯರಿಂಗ್ ಓದಿದವನಿಗೆ ಇದೆಲ್ಲ ಯಾಕೆ ಅಂತ ಗೆಳೆಯರು ರೇಗಿಸ್ತಾರೆ. ಇರ್ಲಿ ಬಿಡಿ. ಅಲ್ಲಿ ಪರಿಚಯವಾದ ಕಾರ್ಲ್ ರೋಜರ್ಸ್ ಅನ್ನೋ ಮನುಷ್ಯ ನನ್ನ ತಲೆಯಲ್ಲಿ ಮನೆ ಮಾಡಿಬಿಟ್ಟಿದ್ದಾನೆ. ಅವನ ಕಥೆ ಹೇಳ್ತೀನಿ ಕೇಳಿ.

ರೋಜರ್ಸ್ ಹುಟ್ಟಿದ್ದು 1902ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಓಕ್ ಪಾರ್ಕ್‌ನಲ್ಲಿ. ಕಟ್ಟುನಿಟ್ಟಿನ ಕ್ರೈಸ್ತ ಕುಟುಂಬ. ಅವನಿಗೆ ಹನ್ನೆರಡು ವರ್ಷ ಆದಾಗ ಮನೆಯವರು ಹಳ್ಳಿ ಕಡೆ ಜಮೀನಿಗೆ ಹೋಗಿ ನೆಲೆಸಿದ್ರು. ಹುಡುಗ ಕಾಲೇಜಿಗೆ ಸೇರಿದ್ದು ಕೃಷಿ ಓದೋಕೆ, ಪದವಿ ಪಡೆದಿದ್ದು ಇತಿಹಾಸದಲ್ಲಿ, ಆಮೇಲೆ ಹೋಗಿದ್ದು ಪಾದ್ರಿಯಾಗೋಕೆ ಓದುವ ನ್ಯೂಯಾರ್ಕಿನ ಸೆಮಿನರಿಗೆ. ಅದನ್ನೂ ಅರ್ಧಕ್ಕೇ ಬಿಟ್ಟು ಕೊಲಂಬಿಯಾದಲ್ಲಿ ಮನಶ್ಶಾಸ್ತ್ರ. ನಮ್ಮಲ್ಲಾಗಿದ್ರೆ "ಯಾವುದರಲ್ಲೂ ನಿಲ್ಲದ ಹುಡುಗ" ಅಂತ ಹೆಣ್ಣು ಕೊಡ್ತಿರಲಿಲ್ಲವೇನೋ!

1928ರಿಂದ ಸುಮಾರು ಹನ್ನೆರಡು ವರ್ಷ ಅವನು ರೋಚೆಸ್ಟರ್ ಊರಲ್ಲಿ ತೊಂದರೆಗೊಳಗಾದ ಮಕ್ಕಳ ಜೊತೆ ಕೆಲಸ ಮಾಡಿದ. ಅಲ್ಲಿನ ಒಂದು ಘಟನೆಯನ್ನ ಅವನೇ ಬರೆದುಕೊಂಡಿದ್ದಾನೆ. ಒಬ್ಬ ತುಂಟ ಹುಡುಗ, ಅವನ ತಾಯಿ. ಸಮಸ್ಯೆ ಇರೋದು ಆಕೆ ಮಗನನ್ನ ದೂರ ತಳ್ಳೋದರಲ್ಲಿ ಅಂತ ರೋಜರ್ಸ್‌ಗೆ ಖಚಿತವಾಗಿತ್ತು. ಅದನ್ನ ಆಕೆಗೆ ಅರ್ಥ ಮಾಡಿಸೋಕೆ ಎಷ್ಟೋ ಭೇಟಿಗಳಲ್ಲಿ ನಯವಾಗಿ ಪ್ರಯತ್ನಪಟ್ಟ. ಆಗಲಿಲ್ಲ. ಕೊನೆಗೆ, ನಾವಿಬ್ಬರೂ ಪ್ರಯತ್ನಪಟ್ವಿ, ಇಲ್ಲಿಗೆ ನಿಲ್ಲಿಸೋಣ ಅಂದ. ಆಕೆಯೂ ಒಪ್ಪಿ ಎದ್ದು ಬಾಗಿಲ ತನಕ ಹೋದಳು. ಅಲ್ಲಿ ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ಸಲಹೆ ಕೊಡ್ತೀರಾ ಅಂತ ಕೇಳಿದಳು. ವಾಪಸ್ ಬಂದು ಕೂತು ತನ್ನ ಹದಗೆಟ್ಟ ದಾಂಪತ್ಯ, ಹತಾಶೆ ಎಲ್ಲವನ್ನೂ ಸುರಿದಳು. ಕೇಸ್ ಫೈಲಿನಲ್ಲಿ ಇದ್ದದ್ದಕ್ಕೂ ಈ ಕಥೆಗೂ ಸಂಬಂಧವೇ ಇರಲಿಲ್ಲ. ಮುಂದೆ ಮಗನೂ ಸುಧಾರಿಸಿದ.

ಎಲ್ಲಿ ನೋಯ್ತಿದೆ, ಯಾವ ಕಡೆ ಹೋಗ್ಬೇಕು ಅಂತ ಗೊತ್ತಿರೋದು ನೋವಿರುವವನಿಗೇ. ರೋಜರ್ಸ್ ಆ ತಾಯಿಯಿಂದ ಕಲಿತದ್ದು ಇದು.

ಇದು ಈಗ ನಮಗೆ ಸಾಧಾರಣ ಮಾತು ಅನ್ಸಬಹುದು. ಆ ಕಾಲಕ್ಕೆ ಅಲ್ಲ. ಫ್ರಾಯ್ಡ್ ಹಾದಿಯವರಲ್ಲಿ ರೋಗಿಯ ಮಾತಿನ ಹಿಂದಿರೋ ಗುಟ್ಟನ್ನ ಬಿಡಿಸೋದು ವಿಶ್ಲೇಷಕನ ಕೆಲಸ. ವರ್ತನಾವಾದಿಗಳಿಗೆ ಒಳಗಿನ ಮಾತೇ ಬೇಡ, ಹೊರಗಿನ ವರ್ತನೆ ತಿದ್ದಿದ್ರೆ ಸಾಕು. ಇಬ್ಬರ ಜಗಳ ದೊಡ್ಡದೇ. ಆದ್ರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ: ಬಲ್ಲವನು ಕುರ್ಚಿಯ ಈ ಕಡೆ ಇದ್ದಾನೆ, ಆ ಕಡೆ ಇರೋನಿಗೆ ತನ್ನ ಬಗ್ಗೆ ತನಗೇ ಗೊತ್ತಿಲ್ಲ. ರೋಜರ್ಸ್ ಆ ಕುರ್ಚಿಗಳನ್ನ ಅದಲು ಬದಲು ಮಾಡಿದ.

1940ರ ಡಿಸೆಂಬರ್ 11ರಂದು ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಅವನು ಒಂದು ಭಾಷಣ ಮಾಡಿದ. ಕೆಲವರು ಹೊಗಳಿದ್ರು, ಕೆಲವರು ಸಿಟ್ಟಾದ್ರು. ಇಷ್ಟು ಗಲಾಟೆ ಆಗ್ಬೇಕಾದ್ರೆ ನಾನು ಹೇಳಿದ್ದರಲ್ಲಿ ಹೊಸದೇನೋ ಇರಬೇಕು ಅಂತ ಅವನಿಗೆ ಹೊಳೆದದ್ದೇ ಆಗ. ತನ್ನ ಚಿಕಿತ್ಸೆ ಹುಟ್ಟಿದ ದಿನ ಅದೇ ಅಂತ ಆಮೇಲೆ ಹೇಳ್ತಿದ್ದ.

1942ರ ಅವನ ಪುಸ್ತಕದಲ್ಲಿ ಇನ್ನೂ ಎರಡು ವಿಶೇಷ ಇತ್ತು. ಒಂದು, 'ರೋಗಿ' ಅನ್ನೋ ಪದದ ಬದಲು 'ಕ್ಲೈಂಟ್'. (ನಮ್ಮ ಆಫೀಸಿನ ಕ್ಲೈಂಟ್ ಅಲ್ಲ ಸ್ವಾಮಿ, ಗಾಬರಿಯಾಗ್ಬೇಡಿ.) ಎರಡನೇದು, ಒಬ್ಬ ಕ್ಲೈಂಟ್ ಜೊತೆ ನಡೆಸಿದ ಎಂಟು ಭೇಟಿಗಳ ಮಾತನ್ನ ಗ್ರಾಮಫೋನ್ ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿ, ಹೆಸರು ಬದಲಿಸಿ, ಪೂರ್ತಿಯಾಗಿ ಅಚ್ಚು ಹಾಕಿಸಿದ್ದು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೀತಿದ್ದ ಕೆಲಸವನ್ನ ಬೇರೆಯವರು ಓದಿ ತಪ್ಪು ಹುಡುಕಲಿ ಅಂತ ಬಯಲಿಗೆ ಇಟ್ಟ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೋರ್ಸ್ ಕೋಡ್ ಓಪನ್ ಮಾಡಿಬಿಟ್ಟ.

1957ರಲ್ಲಿ ಒಂದು ಲೇಖನದಲ್ಲಿ, ಮನುಷ್ಯ ಬದಲಾಗೋಕೆ ಏನು ಬೇಕು ಅಂತ ಪಟ್ಟಿ ಮಾಡಿದ. ಅದರಲ್ಲಿ ಕೇಳುವವನ ಪಾಲಿಗೆ ಬಂದದ್ದು ಮೂರು. ಒಳಗೊಂದು ಹೊರಗೊಂದು ಇರಬಾರದು. ಷರತ್ತು ಹಾಕದೆ ಒಪ್ಪಿಕೊಳ್ಳಬೇಕು. ಎದುರಿನವನ ಕಣ್ಣಿಂದ ಅವನ ಲೋಕವನ್ನ ನೋಡಬೇಕು, ಆದ್ರೆ ತಾನು ಅಲ್ಲೇ ಕಳೆದುಹೋಗಬಾರದು. ಇಷ್ಟಿದ್ರೆ ಸಾಕು ಅಂದ. 'ಬೇಕು' ಅನ್ನೋದನ್ನ ಬಹಳ ಜನ ಒಪ್ಪಿದ್ರು, 'ಸಾಕು' ಅನ್ನೋದರ ಬಗ್ಗೆ ಮಾತ್ರ ಜಗಳ ಇವತ್ತಿಗೂ ಮುಗಿದಿಲ್ಲ. ಸ್ಕಿಜೋಫ್ರೇನಿಯಾ ಇದ್ದವರ ಜೊತೆ ವಿಸ್ಕಾನ್ಸಿನ್‌ನಲ್ಲಿ ಅವನು ಮಾಡಿದ ದೊಡ್ಡ ಅಧ್ಯಯನದಲ್ಲೂ ಅಂದುಕೊಂಡಷ್ಟು ಫಲ ಸಿಗಲಿಲ್ಲ.

ಅವನೇನು ದೇವರಲ್ಲ. ಷಿಕಾಗೋದಲ್ಲಿದ್ದಾಗ ತೀವ್ರ ಮನೋವೇದನೆಯ ಒಬ್ಬ ಕ್ಲೈಂಟ್ ಜೊತೆ ಕೆಲಸ ಮಾಡ್ತಾ ಮಾಡ್ತಾ ತಾನೇ ಕುಸಿದು, ಕೆಲಸ ಬಿಟ್ಟು ಎರಡು ಮೂರು ತಿಂಗಳು ದೂರ ಹೋಗಿಬಿಟ್ಟಿದ್ದ. ವಾಪಸ್ ಬಂದ ಮೇಲೆ ತನ್ನ ಸಹೋದ್ಯೋಗಿಯ ಎದುರಿಗೆ ಕ್ಲೈಂಟ್ ಆಗಿ ಕೂತ. ಇದನ್ನ ಮುಚ್ಚಿಡದೆ ಬರೆದ ಅನ್ನೋದೇ ನನಗೆ ಅವನ ಮೇಲೆ ಗೌರವ ಹೆಚ್ಚಿಸಿತು.

ಈಗ ನಮ್ಮ ಬೀದಿಗೆ ಬರೋಣ. 1966ರಲ್ಲಿ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ 'ಎಲೈಝಾ' ಅನ್ನೋ ಪ್ರೋಗ್ರಾಂ ಬಗ್ಗೆ ಲೇಖನ ಪ್ರಕಟಿಸಿದ. ಅದರ ಪ್ರಸಿದ್ಧ ಸ್ಕ್ರಿಪ್ಟ್ ಹೆಸರು 'ಡಾಕ್ಟರ್'. ಅದು ಅನುಕರಿಸಿದ್ದು ರೋಜರ್ಸ್ ಶೈಲಿಯ ಚಿಕಿತ್ಸಕನನ್ನ! ಕಾರಣ ಸರಳ. ಲೋಕಜ್ಞಾನ ಏನೂ ಇಲ್ಲದಿದ್ರೂ ಮಾತು ಮುಂದುವರಿಸಬಹುದಾದ ಕೆಲವೇ ಸಂದರ್ಭಗಳಲ್ಲಿ ಅದೊಂದು. ವಾಕ್ಯದಲ್ಲಿ ಒಂದು ಮುಖ್ಯ ಪದ ಹುಡುಕು, 'ನನ್ನ' ಇದ್ದಲ್ಲಿ 'ನಿಮ್ಮ' ಹಾಕು, ಪ್ರಶ್ನೆಯಾಗಿ ತಿರುಗಿಸು. "ನನಗೆ ಬೇಜಾರಾಗಿದೆ" ಅಂದ್ರೆ "ನಿಮಗೆ ಬೇಜಾರಾಗಿದೆ ಅಂತೀರಾ?" ಅನ್ನೋ ಥರ. ಅಷ್ಟೇ. ಆದ್ರೆ ಅದು ಹೇಗೆ ತಯಾರಾಯ್ತು ಅಂತ ಕಣ್ಣಾರೆ ಕಂಡಿದ್ದ ಅವನ ಸೆಕ್ರೆಟರಿಯೇ, ಅದರ ಜೊತೆ ಮಾತಾಡ್ತಾ, ಸ್ವಲ್ಪ ಹೊರಗೆ ಹೋಗ್ತೀರಾ ಅಂತ ಅವನನ್ನೇ ಕೇಳಿದಳು. ವೈಝೆನ್‌ಬಾಮ್ ಬೆಚ್ಚಿಬಿದ್ದ. 1976ರಲ್ಲಿ, ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳೂ ಇವೆ ಅಂತ ಒಂದು ಪುಸ್ತಕವನ್ನೇ ಬರೆದ.

ಹಾಗಾದ್ರೆ ರೋಜರ್ಸ್ ಮಾಡಿದ್ದೂ ಇಷ್ಟೇನಾ, ಹೇಳಿದ್ದನ್ನೇ ಗಿಳಿ ಥರ ತಿರುಗಿ ಹೇಳೋದು? ನನಗೂ ಮೊದಲು ಹಾಗೇ ಅನ್ಸಿತ್ತು. ಇದೇ ಕುಹಕ ಅವನ ಕಾಲದಲ್ಲೂ ಇತ್ತು. ಅದರಿಂದ ಎಷ್ಟು ನೊಂದಿದ್ದ ಅಂದ್ರೆ, ಎಷ್ಟೋ ವರ್ಷ ಈ ಕೇಳುವಿಕೆಯ ಬಗ್ಗೆ ಮಾತಾಡೋದನ್ನೇ ಕಮ್ಮಿ ಮಾಡಿದೆ ಅಂತ 1975ರಲ್ಲಿ ಬರೆದುಕೊಂಡ. ತಿರುಗಿ ಹೇಳೋದು ಅವನಿಗೆ ತಂತ್ರ ಆಗಿರಲಿಲ್ಲ. ನಾನು ಅರ್ಥ ಮಾಡ್ಕೊಂಡದ್ದು ಸರಿಯಾ ಅಂತ ಎದುರಿನವನನ್ನೇ ಕೇಳಿ ತಿಳ್ಕೊಳ್ಳೋದು ಅದು.

ಇವತ್ತಿನ ಚಾಟ್‌ಬಾಟ್‌ಗಳು ಎಲೈಝಾಗಿಂತ ಎಷ್ಟೋ ಜಾಣ. ಮಧ್ಯರಾತ್ರಿ ಅದರ ಮುಂದೆ ದುಃಖ ಹೇಳಿಕೊಳ್ಳುವವರನ್ನ ಕಂಡ್ರೆ ನಗೋಕೆ ನನಗೆ ಮನಸ್ಸಾಗಲ್ಲ. ಆ ಹೊತ್ತಲ್ಲಿ ಕೇಳೋಕೆ ಯಾರೂ ಸಿಗಲಿಲ್ಲ ಅಂತ ತಾನೇ ಅವರು ಅಲ್ಲಿಗೆ ಹೋಗಿದ್ದು? ನಮ್ಮಪ್ಪನಿಗೆ ಮಗ ಇದ್ದ. ಅವನೂ ಕೇಳಲಿಲ್ಲ, ಪಟ್ಟಿ ಕೊಟ್ಟ.

ಹೋದ ಭಾನುವಾರ ಮತ್ತೆ ಫೋನ್ ಬಂತು. "ಹೊತ್ತೇ ಹೋಗಲ್ಲ ಕಣೋ." ಬಾಯಿ ತುದಿಗೆ ಬಂದ ವಾಕಿಂಗನ್ನ ನುಂಗಿಕೊಂಡು, "ದಿನ ತುಂಬಾ ಉದ್ದ ಅನ್ಸುತ್ತಾ ಅಪ್ಪಾ?" ಅಂದೆ. ಎಲೈಝಾ ಕೂಡ ಹೆಚ್ಚು ಕಮ್ಮಿ ಅದನ್ನೇ ಕೇಳ್ತಿತ್ತು, ಒಪ್ತೀನಿ. ಆ ಕಡೆ ಸುಮ್ಮನಾಯ್ತು. ಲೈನ್ ಕಟ್ ಆಯ್ತೇನೋ ಅಂದ್ಕೊಂಡೆ.

"ಬೆಳಿಗ್ಗೆ ಶಾಲೆ ಗಂಟೆ ಮನೆವರೆಗೂ ಕೇಳ್ಸುತ್ತೆ. ಎದ್ದು ನಿಂತ್ಕೊಂಡುಬಿಡ್ತೀನಿ. ಆಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗಲ್ಲ."

ನನ್ನ ಹತ್ರ ಇದಕ್ಕೆ ಪರಿಹಾರ ಇರಲಿಲ್ಲ. ಈಗಲೂ ಇಲ್ಲ. ಅಪ್ಪ ಇಪ್ಪತ್ತು ನಿಮಿಷ ಮಾತಾಡಿದ್ರು. ಅವತ್ತು ಫೋನು ಅಮ್ಮನ ಕೈಗೆ ಹೋಗಲೇ ಇಲ್ಲ, ಅದಕ್ಕೆ ಅಮ್ಮನಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟು!

ನಿಮ್ಮ ಮನೆಯಲ್ಲೂ ಹೀಗೆ ವಾರವಾರ ರೀಓಪನ್ ಆಗೋ ಮಾತು ಇದ್ಯಾ? ಇದ್ರೆ ಹೇಳಿ. ಸಲಹೆ ಕೊಡಲ್ಲ, ಕೇಳ್ತೀನಿ :)